ಹಗುರ ಟ್ಯೂಬಿನ ಗುಣದೋಷ

ಸೈಕಲ್ಲಿನ ಅಂಗಗಳಲ್ಲಿ ಅಜ್ಞಾತವಾಸ ಅನುಭವಿಸುವುದು ಟ್ಯೂಬು. ಸವಾರನ ಭಾರ ಹೊರುವ ಗಾಳಿಯನ್ನು ಟೈರಿನ ಮರೆಯಲ್ಲಿ ಅದು ಹಿಡಿದಿಟ್ಟಿರುತ್ತದೆ. ಪಂಕ್ಚರ್ ಆದ ದಿನವಷ್ಟೇ ನಮಗೆ ಅದರ ನೆನಪು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಈಗ ಅದರೊಳಗಿನ ಟ್ಯೂಬನ್ನು ಹಗುರಗೊಳಿಸುವ ಪೈಪೋಟಿ ನಡೆದಿದೆ. ಹಗುರವಾದುದೆಲ್ಲ ಮೇಲಾದುದೇ ಎಂಬುದು ವಿಚಾರಾರ್ಹ.

ರೇಸ್ ಸೈಕಲ್ಲಿನ ಸಾಮಾನ್ಯ ಟ್ಯೂಬು ಬ್ಯೂಟೈಲ್ ಎಂಬ ಕೃತಕ ರಬ್ಬರಿನದು. ತೂಕ ಸುಮಾರು 100 ಗ್ರಾಂ. ಅದನ್ನು ಹಗುರಗೊಳಿಸುವ ದಾರಿಗಳು ಮೂರು. ಮೊದಲನೆಯದು, ಅದೇ ಬ್ಯೂಟೈಲನ್ನು ತೆಳುವಾಗಿಸುವುದು. ಆಗ ತೂಕ 70 ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ಗಾಳಿಯೂ ತುಸು ಬೇಗ ಇಳಿಯುತ್ತದೆ, ಟೈರು ಕೂರಿಸುವಾಗ ಸಿಕ್ಕಿ ಹರಿಯುವ ಭಯವೂ ಹೆಚ್ಚು.

ಎರಡನೆಯದು ಲೇಟೆಕ್ಸ್. ನಮ್ಮ ಸುಳ್ಯದ ಕಡೆಯ ತೋಟಗಳಲ್ಲಿ ರಬ್ಬರ್ ಮರದಿಂದ ಇಳಿಸುವಂಥ ಹಾಲೇ ಇದರ ಮೂಲದ್ರವ್ಯ. ಇದು ಮೆದು, ಚಕ್ರ ಉರುಳುವಾಗ ಟೈರಿನೊಡನೆ ಬಾಗಿ ನೆಟ್ಟಗಾಗುವುದರಲ್ಲಿ ವ್ಯರ್ಥವಾಗುವ ಶಕ್ತಿ ಕಡಿಮೆ. ಆದ್ದರಿಂದ ಓಟ ಸರಾಗ. ಆದರೆ ರಾತ್ರಿ ಕಳೆಯುವಷ್ಟರಲ್ಲಿ ಗಾಳಿ ಇಳಿದಿರುತ್ತದೆ. ದಿನವೂ ಪಂಪು ಹಿಡಿಯಬೇಕು.

ಮೂರನೆಯದು ಟಿಪಿಯು ಎಂಬ ಪ್ಲಾಸ್ಟಿಕ್. ತೂಕ 25ರಿಂದ 45 ಗ್ರಾಂ. ಮಡಿಸಿದರೆ ಜೇಬಿನ ಮೂಲೆಗೆ ಸಾಕು. ಗಾಳಿಯನ್ನು ಲೇಟೆಕ್ಸಿಗಿಂತ ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಬೆಲೆ ದುಬಾರಿ. ಸಾಮಾನ್ಯ ರಬ್ಬರ್ ಪ್ಯಾಚು ಇದಕ್ಕೆ ಒಗ್ಗದು. ಉದ್ದನೆಯ ಇಳಿಜಾರಿನಲ್ಲಿ ರಿಮ್ಮನ್ನು ಒತ್ತುವ ಬ್ರೇಕಿನ ಬಿಸಿಯನ್ನು ಈ ಜಾತಿಯ ಕೆಲವು ಟ್ಯೂಬುಗಳು ತಾಳಲಾರವು.

ಇನ್ನು ಲಾಭದ ಲೆಕ್ಕ. ಚಕ್ರದ ಅಂಚಿನ ತೂಕ ಮುಂದೆ ಸಾಗುವುದಲ್ಲದೆ ತಿರುಗಲೂ ಬೇಕಷ್ಟೆ. ವೇಗ ಪಡೆಯುವಾಗ ಅಲ್ಲಿನ ಒಂದು ಗ್ರಾಂ ಹೆಚ್ಚುಕಡಿಮೆ ಎರಡು ಗ್ರಾಮಿಗೆ ಸಮ. ಏರಿನಲ್ಲಿ ಆ ವಿಶೇಷವೂ ಇಲ್ಲ. ಎರಡು ಚಕ್ರಗಳಿಂದ 120 ಗ್ರಾಂ ಉಳಿಯಿತೆನ್ನೋಣ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಇದ್ದರೆ ಅದು ಸಾವಿರದಲ್ಲಿ ಒಂದೂವರೆ ಪಾಲು. ಒಂದು ಗಂಟೆ ಹಿಡಿಯುವ ಕಡಿದಾದ ಏರಿನಲ್ಲಿ ಮಿಗುವುದು ಐದಾರು ಸೆಕೆಂಡು. ಅರ್ಧ ಲೋಟ ನೀರನ್ನು ಮನೆಯಲ್ಲೇ ಬಿಟ್ಟು ಹೊರಟರೂ ಇಷ್ಟೇ ಲಾಭ.

ಪಂದ್ಯದ ಸವಾರನಿಗೆ ಆ ಐದು ಸೆಕೆಂಡೇ ಸೋಲುಗೆಲುವು. ಅವನ ಆಯ್ಕೆ ಸಾಧುವಾದುದು. ಆದರೆ ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿ ಹೊರಟವನಿಗೆ, ಕೆಲಸಕ್ಕಾಗಿ ಹತ್ತಾರು ಮೈಲಿ ತುಳಿಯುವವನಿಗೆ ನಡುದಾರಿಯ ಒಂದು ಪಂಕ್ಚರ್ ಎಂದರೆ ಅರ್ಧ ದಿನದ ದುಡಿಮೆ. ಅಂಥವರಿಗೆ ಯಾವ ಊರಿನ ಸೈಕಲ್ ಶಾಪಿನಲ್ಲಾದರೂ ದುರಸ್ತಿಯಾಗುವ ದಪ್ಪ ಬ್ಯೂಟೈಲ್ ಟ್ಯೂಬೇ ಲೇಸು. ಟ್ಯೂಬಿನ ಯೋಗ್ಯತೆಯನ್ನು ತಕ್ಕಡಿಯೊಂದೇ ಹೇಳಲಾರದು. ಅದು ಓಡಬೇಕಾದ ದಾರಿಯನ್ನೂ ಕೇಳಬೇಕು.