ಕಸುಬು ಕಲಿಸುವವರ ಹೊಣೆ, ಕೊಳ್ಳುವವರ ಹೊಣೆ

ತರುಣ ತರುಣಿಯರಿಗೆ ಕರಕುಶಲತೆಯನ್ನೂ ವಿನ್ಯಾಸವನ್ನೂ ಕಲಿಸಿದರೆ ಅವರ ಬದುಕಿನೊಡನೆ ಊರಿನ ಬದುಕೂ ಸುಧಾರಿಸುತ್ತದೆ ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಮಾತು ಸರಿಯಾದುದೇ. ಆದರೆ ಕಲಿಸುವುದೆಂದರೇನು, ಕಲಿಸುವವರ ಹೊಣೆ ಎಲ್ಲಿಯವರೆಗೆ ಎಂಬುದನ್ನು ಬೀದರಿನ ಬಿದರಿ ಕಲೆಯನ್ನು ಮುಂದಿಟ್ಟುಕೊಂಡು ವಿವರಿಸಬಯಸುತ್ತೇವೆ.

ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನಲ್ಲಿ ನೆಲೆಗೊಂಡ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುವರು. ಅದನ್ನು ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಹೂಬಳ್ಳಿಗಳನ್ನು ಗೀರುವರು. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಬಡಿಯುವರು. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಉಜ್ಜಿದಾಗ ಲೋಹವು ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯುತ್ತದೆ. ಆ ಮಣ್ಣಿನ ಗುಣವನ್ನು ನುರಿತವರು ನಾಲಿಗೆಗೆ ತಾಗಿಸಿ ಅರಿಯುವುದುಂಟು. ಇಂಥ ತಿಳಿವು ಪುಸ್ತಕದಿಂದ ಬಾರದು. ಗುರುವಿನ ಬಳಿ ಕುಳಿತೇ ಬರಬೇಕು. 2023ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರೂ ಈ ವಿದ್ಯೆಯನ್ನು ತಂದೆಯವರಿಂದಲೇ ಪಡೆದವರು.

ಕೈ ಪಳಗಿದರಷ್ಟೇ ಸಾಲದು. ಹಿಂದೆ ಹುಕ್ಕಾ, ಸುರಾಹಿ, ತಾಂಬೂಲದ ಪೆಟ್ಟಿಗೆಗಳಿಗೆ ಬೇಡಿಕೆಯಿತ್ತು. ಇಂದಿನ ಮನೆಗಳಲ್ಲಿ ಅವುಗಳಿಗೆ ಎಡೆಯಿಲ್ಲ. ಇಲ್ಲಿಯೇ ವಿನ್ಯಾಸದ ಕೆಲಸ ಆರಂಭವಾಗುತ್ತದೆ. ವಿನ್ಯಾಸವೆಂದರೆ ಕೇವಲ ಹೊಸ ಚಿತ್ತಾರವಲ್ಲ. ಈ ವಸ್ತು ಯಾರಿಗೆ, ಯಾವ ಬಳಕೆಗೆ, ಎಷ್ಟು ಬೆಲೆಗೆ ಎಂದು ಮೊದಲೇ ಯೋಚಿಸುವುದು. ಈ ಪ್ರಶ್ನೆಗಳಿಗೆ ಉತ್ತರವನ್ನು ಗುರುವೇ ಹೇಳಿಬಿಟ್ಟರೆ ಶಿಷ್ಯನು ಕೂಲಿಯಾಳಾಗಿ ಉಳಿಯುವನು; ತಾನೇ ಕಂಡುಕೊಳ್ಳಲು ಬಿಟ್ಟರೆ ಕಾಯಕಜೀವಿಯಾಗುವನು. ತಪ್ಪಿದ ಗೆರೆಯನ್ನು ತೋರಿಸಬೇಕು. ಉಳಿಯನ್ನು ಅವನ ಕೈಯಿಂದ ಕಸಿಯಬಾರದು.

ಇನ್ನೊಂದು ಕಠಿಣ ಸತ್ಯವಿದೆ. ಈ ಕಸುಬು ಕೈಗೆ ಹತ್ತಲು ವರ್ಷಗಳೇ ಬೇಕು. ಅಷ್ಟು ಕಾಲ ಸಂಪಾದನೆಯಿಲ್ಲದಿದ್ದರೆ ಬಡವರ ಮಕ್ಕಳು ದುಡಿಮೆಯನ್ನು ಅರಸಿ ಹೈದರಾಬಾದಿಗೋ ಬೆಂಗಳೂರಿಗೋ ಹೊರಟುಹೋಗುವರು. ಅವರೊಡನೆ ವಿದ್ಯೆಯೂ ಊರು ಬಿಡುತ್ತದೆ. ಆದುದರಿಂದ ಕಲಿಕೆಯ ಕಾಲದಲ್ಲಿ ವೇತನ, ಮಾಡಿದ ವಸ್ತುವಿನ ಮೇಲೆ ಮಾಡಿದವರ ಹೆಸರು, ಲೋಹ ಹಾಗೂ ಶ್ರಮದ ಬೆಲೆ ಕಟ್ಟುವ ಲೆಕ್ಕ, ಇವು ಮೂರೂ ಮಾರ್ಗದರ್ಶನದ ಅಂಗಗಳೇ ಆಗಿವೆ.

ಭಕ್ತರ ಪಾತ್ರವೂ ಇಲ್ಲಿ ಹಿರಿದು. ಮದುವೆ, ಗೃಹಪ್ರವೇಶ, ಸನ್ಮಾನ ಸಮಾರಂಭಗಳಲ್ಲಿ ನಾವೆಲ್ಲರೂ ಸ್ಮರಣಿಕೆಗಳನ್ನು ನೀಡುತ್ತೇವೆ. ಅವುಗಳಲ್ಲಿ ಎಷ್ಟೋ ದೂರದ ಕಾರ್ಖಾನೆಯಿಂದ ಬಂದು, ಕಪಾಟಿನ ಮೂಲೆ ಸೇರುತ್ತವೆ. ಬದಲಾಗಿ ನಮ್ಮ ಸೀಮೆಯಲ್ಲಿ ಕಸುಬು ಕಲಿಯುತ್ತಿರುವ ಮಕ್ಕಳಿಗೆ, ಬಿದರಿಯಾಗಲಿ, ಮಗ್ಗದ ಬಟ್ಟೆಯಾಗಲಿ, ಮರದ ಕೆಲಸವಾಗಲಿ, ಕೆಲವು ತಿಂಗಳು ಮುಂಚಿತವಾಗಿ ಹೇಳಿ ಮಾಡಿಸಬಹುದು. ಮುಂಗಡ ಕೊಟ್ಟು, ಬೇಕಾದುದನ್ನು ಸ್ಪಷ್ಟವಾಗಿ ತಿಳಿಸಿ, ಚೌಕಾಸಿ ಮಾಡದೆ ಕೊಳ್ಳುವುದೂ ಒಂದು ಬಗೆಯ ಕಲಿಸುವಿಕೆಯೇ. ಹೊಗಳಿಕೆಯಿಂದ ಕಲಿಯುವವರಿಗೆ ಹುರುಪು ಬರುತ್ತದೆ. ಕೈಯಲ್ಲಿ ಕೆಲಸವಿದ್ದರೆ ಅವರು ಊರಿನಲ್ಲಿ ಉಳಿಯುತ್ತಾರೆ.