ಶೋಲಾವರಂ: ಯುದ್ಧದ ರನ್‌ವೇ ಮೇಲೆ ಹುಟ್ಟಿದ ರೇಸು

ಮದರಾಸು ದಾಟಿ ಉತ್ತರಕ್ಕೆ ಕಲ್ಕತ್ತಾ ರಸ್ತೆ ಹಿಡಿದರೆ ಶೋಲಾವರಂ. ಎರಡನೇ ಮಹಾಯುದ್ಧದಲ್ಲಿ ವಿಮಾನಗಳಿಗಾಗಿ ಹಾಕಿದ್ದ ಅಲ್ಲಿನ ರನ್‌ವೇಯನ್ನು ರೇಸ್ ಟ್ರ್ಯಾಕ್ ಮಾಡಿಕೊಂಡದ್ದು 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್. ವರ್ಷಕ್ಕೊಮ್ಮೆ ಅಲ್ಲಿ ಜಾತ್ರೆಯಂಥ ಜನ. ನೆರಳಿಲ್ಲದ ಬಯಲು, ಅಂಚಿಗೆ ಹುಲ್ಲಿನ ಹೊರೆ, ಹಳೇ ಟೈರು, ಅಷ್ಟೇ ರಕ್ಷಣೆ. ನೇರ ದಾರಿಯಲ್ಲಿ ಫಿಯೆಟ್ ಎಷ್ಟು ಜೋರಾಗಿ ಓಡಿದರೂ ತಿರುವಿಗೆ ಬಂದಾಗ ಡ್ರಮ್ ಬ್ರೇಕ್ ಕಾದು ಸೋಲುತ್ತಿತ್ತು. ಗೆಲುವು ಎಂಜಿನ್ನಿಗಿಂತ ಹೆಚ್ಚಾಗಿ ಬ್ರೇಕ್ ಉಳಿಸಿಕೊಂಡವನ ಪಾಲಾಗುತ್ತಿತ್ತು.

ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ತರಿಸಿ ಅಲ್ಲಿ ಓಡಿಸಿದ್ದರು. ಆದರೆ ನನಗೆ ಅದಕ್ಕಿಂತ ಹೆಮ್ಮೆಯ ಸಂಗತಿ ಸಿಪಾನಿ ಡಾಲ್ಫಿನ್. ಬೆಂಗಳೂರಿನಲ್ಲೇ ತಯಾರಾದ, 848 ಸಿಸಿ ಎಂಜಿನ್‌ನ, ಫೈಬರ್ ಮೈಯ ಪುಟ್ಟ ಕಾರು. ಮಾರುತಿ 800ರ ಎದುರು ಮಾರುಕಟ್ಟೆಯಲ್ಲಿ ಸೋತಿತು, ನಿಜ. ರೇಸಿನವರಿಗೆ ಮಾತ್ರ ಅದರ ಹಗುರ ಮೈಯೇ ವರವಾಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಇನ್ನೂ ಮುಂದೆ ಹೋದರು. ಮಾರುತಿಯ ಎಂಜಿನ್ ಕೂಡಿಸಿ ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಟ್ಟಿದರು. ವಿದೇಶದಿಂದ ಕಾರು ತರಿಸುವ ಶಕ್ತಿಯಿಲ್ಲದ ಹುಡುಗರಿಗೂ ನಿಜವಾದ ರೇಸ್ ಕಾರು ಸಿಕ್ಕಿದ್ದು ಅವರಿಂದ. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದೇ.

ರನ್‌ವೇಯನ್ನೇ ನಂಬಿ ಎಷ್ಟು ದಿನ? ಕ್ಲಬ್ಬು ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಜಮೀನು ಕೊಂಡು, ಸುಮಾರು 3.7 ಕಿಲೋಮೀಟರಿನ, 12 ತಿರುವುಗಳ ಟ್ರ್ಯಾಕ್ ಕಟ್ಟಿತು. 1990ರಲ್ಲಿ ಅದು ಶುರುವಾಯಿತು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನರೇನ್ ಕಾರ್ತಿಕೇಯನ್ ಮೊದಲ ರೇಸು ಓಡಿಸಿದ್ದು ಅಲ್ಲೇ, ಫಾರ್ಮುಲಾ ಮಾರುತಿಯಲ್ಲೇ. 2010ರಲ್ಲಿ ಅದೇ ಎತ್ತರಕ್ಕೇರಿದ ಕರುಣ್ ಚಂದೋಕ್, ಕ್ಲಬ್ಬಿನ ಸ್ಥಾಪಕರಲ್ಲೊಬ್ಬರಾದ ಇಂದು ಚಂದೋಕ್ ಅವರ ಮೊಮ್ಮಗ. ಟ್ರ್ಯಾಕು ಇದ್ದರೆ ಓಡಿಸುವವರು ಹುಟ್ಟುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮೈಸೂರಿನಲ್ಲಿ ಯೆಜ್ಡಿ ಬೈಕು, ಬೆಂಗಳೂರಿನಲ್ಲಿ ಡಾಲ್ಫಿನ್ ಕಾರು ಮಾಡಿದ ಕರ್ನಾಟಕ ನಮ್ಮದು. ಬೆಂಗಳೂರಿನಲ್ಲಿ ಗೋ-ಕಾರ್ಟ್ ಟ್ರ್ಯಾಕುಗಳಿವೆ, ಮಕ್ಕಳು ಕಲಿಯುತ್ತಾರೆ. ಆದರೆ ಅದರಾಚೆಗೆ ಇಲ್ಲಿ ದೊಡ್ಡ ಟ್ರ್ಯಾಕಿಲ್ಲ; ದೊಡ್ಡ ಕಾರು ಹತ್ತುವ ವಯಸ್ಸು ಬಂದಾಗ ಟೈರು, ಪೆಟ್ರೋಲು, ಮೆಕ್ಯಾನಿಕ್ಕು ಎಲ್ಲವನ್ನೂ ಹೊತ್ತುಕೊಂಡು ತಮಿಳುನಾಡಿಗೆ ಹೋಗಬೇಕು. ಆ ಖರ್ಚು ಹೊರಲಾಗದ ಮನೆಯ ಮಗು ಎಷ್ಟೇ ಚುರುಕಾಗಿದ್ದರೂ ಕಾರ್ಟಿನಲ್ಲೇ ನಿಂತುಬಿಡುತ್ತದೆ.