ಅಳೆದು ಇಳಿಸಿ, ಅಳೆದು ತುಂಬಿಸಿ: ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಮನೆಯಲ್ಲೇ ಹೊಸ ಎಣ್ಣೆ

ಎಂಜಿನ್ ಆಯಿಲ್ ಬದಲಿಸಬೇಕಾದ ದಿನವನ್ನು ಕಾರಿನ ಮಾಲೀಕ ಮರೆತರೂ ಸರ್ವಿಸ್ ಸೆಂಟರಿನವರು ಮರೆಯುವುದಿಲ್ಲ. ಗಾಜಿನ ಮೂಲೆಗೆ ಚೀಟಿ ಅಂಟಿಸುತ್ತಾರೆ, ಫೋನ್ ಮಾಡುತ್ತಾರೆ, ಮೆಸೇಜ್ ಕಳಿಸುತ್ತಾರೆ. ಆಟೊಮ್ಯಾಟಿಕ್ ಕಾರಿನಲ್ಲಿ ಇನ್ನೊಂದು ಆಯಿಲ್ ಇದೆ. ಗೇರ್‌ಬಾಕ್ಸ್‌ನೊಳಗೆ ಅದು ವರ್ಷಗಟ್ಟಲೆ ದುಡಿಯುತ್ತಿದ್ದರೂ ಅದರ ವಿಚಾರ ಎತ್ತುವವರು ಕಡಿಮೆ. ಸಿಗ್ನಲ್‌ನಲ್ಲಿ 'ಡಿ'ಗೆ ಹಾಕಿದ ಗಾಡಿ ಒಂದು ಕ್ಷಣ ತಡೆದು ಜರ್ಕ್ ಹೊಡೆದಾಗಲೇ ಅದರ ನೆನಪಾಗುವುದು. ಅಷ್ಟು ಹೊತ್ತಿಗೆ ಕೆಲವೊಮ್ಮೆ ತಡವಾಗಿರುತ್ತದೆ.

ಇದರ ಪೂರ್ಣ ಹೆಸರು ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. ಗ್ಯಾರೇಜಿನವರ ಬಾಯಲ್ಲಿ ಎಟಿಎಫ್. ಅಮೆರಿಕದಲ್ಲಿ ಕಾರಿನ ಮಾಲೀಕರು ವಾರಾಂತ್ಯದಲ್ಲಿ ಮನೆ ಮುಂದೆಯೇ ಇದನ್ನು ಬದಲಿಸಿಕೊಳ್ಳುವ ರೂಢಿ ಹಳೆಯದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಡಗಾಲು ಸೋತು ಕ್ಲಚ್ಚಿನ ಸಹವಾಸವೇ ಬೇಡವೆಂದು ಆಟೊಮ್ಯಾಟಿಕ್ ಕೊಂಡವರು ನಮ್ಮಲ್ಲೂ ಬಹಳ ಮಂದಿ. ಅವರಲ್ಲಿ ಕೈಕೆಲಸದ ಆಸಕ್ತಿ ಇರುವವರು ಕಲಿಯಲೇಬೇಕಾದ ಕಸುಬು ಇದು. ಬೇಕಾದ ಹತ್ಯಾರು ಕಡಿಮೆ, ಬೇಕಾದ ಶಿಸ್ತು ಹೆಚ್ಚು. ಆ ಶಿಸ್ತಿನ ಸೂತ್ರ ಎರಡೇ: ಸರಿಯಾದ ಎಣ್ಣೆ, ಸರಿಯಾದ ಅಳತೆ.

ಒಂದೇ ಎಣ್ಣೆ, ನಾಲ್ಕು ಕೆಲಸ

ಎಂಜಿನ್ನಿನಲ್ಲಿ ಎಣ್ಣೆಯ ಮುಖ್ಯ ಕೆಲಸ ಸವೆತ ತಡೆಯುವುದು. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಅದರ ಹೊರೆ ಇನ್ನೂ ದೊಡ್ಡದು. ಎಂಜಿನ್ನಿಗೂ ಗೇರ್‌ಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರಾಗಿ ಇಟ್ಟ ಎರಡು ಫ್ಯಾನ್‌ಗಳಲ್ಲಿ ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಇಲ್ಲಿ ಎಂಜಿನ್ ತಿರುಗಿಸುವ ಒಂದು ಚಕ್ರ ಎಣ್ಣೆಯನ್ನು ಚಿಮ್ಮಿ ಇನ್ನೊಂದನ್ನು ತಿರುಗಿಸುತ್ತದೆ. ಹೀಗೆ ಎಂಜಿನ್ನಿನ ಶಕ್ತಿ ಗಾಲಿಯ ಕಡೆಗೆ ಸಾಗುವುದೇ ಎಣ್ಣೆಯ ಮೂಲಕ. ಈ ತತ್ವವನ್ನು ಮೊದಲು ರೂಪಿಸಿದವರು ಜರ್ಮನಿಯ ಎಂಜಿನಿಯರ್ ಹರ್ಮನ್ ಫಾಟಿಂಗರ್. ಹಡಗುಗಳಿಗಾಗಿ ಅವರು ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಎರಡನೆಯದು, ಗೇರ್ ಬದಲಿಸುವ ಕೆಲಸ. ಒಳಗಿನ ಕ್ಲಚ್ ತಟ್ಟೆಗಳನ್ನು ಒತ್ತುವುದು ಪಂಪಿನಿಂದ ಬರುವ ಎಣ್ಣೆಯ ಒತ್ತಡ. ಮೂರನೆಯದು, ಆ ತಟ್ಟೆಗಳು ಒಂದನ್ನೊಂದು ಹಿಡಿಯುವಾಗ ಜಾರಬೇಕಾದಷ್ಟೇ ಜಾರಿ ಆಮೇಲೆ ಬಿಗಿಯುವಂತೆ ಹದ ಕೊಡುವುದು. ನಾಲ್ಕನೆಯದು, ಈ ಎಲ್ಲದರಿಂದ ಹುಟ್ಟುವ ಬಿಸಿಯನ್ನು ಕೂಲರ್‌ವರೆಗೆ ಹೊತ್ತೊಯ್ಯುವುದು. ಸವೆತ ತಡೆಯುವ ಕೆಲಸವಂತೂ ಇದ್ದೇ ಇದೆ. ಇಷ್ಟು ದುಡಿಯುವ ಎಣ್ಣೆ ಹಾಳಾದರೆ ಮೊದಲು ಕೆಡುವುದು ಗೇರ್ ಬೀಳುವ ಹದ.

ತಿಮಿಂಗಿಲದ ಎಣ್ಣೆಯಿಂದ ಡೆಕ್ಸ್‌ರಾನ್‌ವರೆಗೆ

ಜನರಲ್ ಮೋಟರ್ಸ್ ಕಂಪನಿ 1939ರಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗಾಗಿ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಹೊರತಂದಿತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಅದೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹಗುರ ಟ್ಯಾಂಕುಗಳಲ್ಲೂ ಅದನ್ನು ಬಳಸಿದರು. ಈ ಗೇರ್‌ಬಾಕ್ಸ್‌ಗಳಿಗೆಂದೇ ಪ್ರತ್ಯೇಕ ಎಣ್ಣೆಯ ಮಾನದಂಡ 'ಟೈಪ್ ಎ' ಬಂದದ್ದು 1949ರಲ್ಲಿ. ಅದರ ನಂತರದ ಮಾನದಂಡಕ್ಕೆ ಡೆಕ್ಸ್‌ರಾನ್ ಎಂಬ ಹೆಸರು ಬಂದದ್ದು 1967ರಲ್ಲಿ. ಆ ಕಾಲದ ಎಟಿಎಫ್‌ಗಳಲ್ಲಿ ಕ್ಲಚ್ಚಿನ ಹದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿ ವಸ್ತುಗಳನ್ನು ಹುಡುಕಬೇಕಾಯಿತು.

ಇಂದು ಒಂದೊಂದು ಕಂಪನಿಗೆ ಒಂದೊಂದು ಮಾನದಂಡ. ಟೊಯೊಟಾಗೆ ಡಬ್ಲ್ಯುಎಸ್, ಹೋಂಡಾಗೆ ಡಿಡಬ್ಲ್ಯು-1, ಹ್ಯುಂಡೈನ ಅನೇಕ ಗೇರ್‌ಬಾಕ್ಸ್‌ಗಳಿಗೆ ಎಸ್‌ಪಿ-4. ಎಷ್ಟೋ ಎಟಿಎಫ್‌ಗಳು ಕೆಂಪಗಿರುತ್ತವೆ. ಸೋರಿದ್ದು ಎಂಜಿನ್ ಆಯಿಲೋ ಗೇರ್‌ಬಾಕ್ಸ್ ಆಯಿಲೋ ಎಂದು ಗೊತ್ತಾಗಲೆಂದು ಬಣ್ಣ ಹಾಕುತ್ತಾರೆ. ಬಣ್ಣ ಒಂದೇ ಎಂದು ಎಣ್ಣೆಯೂ ಒಂದೇ ಅಲ್ಲ. ಕಾರಿನ ಮ್ಯಾನ್ಯುಯಲ್ ಪುಸ್ತಕದಲ್ಲಿ ಬರೆದ ಮಾನದಂಡವೇ ಡಬ್ಬಿಯ ಮೇಲೂ ಇರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಸೀಲ್ ಒಡೆಯದ ಡಬ್ಬಿ, ಬಿಲ್ಲು ಎರಡೂ ಇರಲಿ. ಬಿಡಿಯಾಗಿ ಅಳೆದು ಕೊಡುವ ಎಣ್ಣೆ ಈ ಕೆಲಸಕ್ಕೆ ಬೇಡ.

ಆಯುಷ್ಯದ ಪ್ರಶ್ನೆ

ಕೆಲವು ಕಾರು ಕಂಪನಿಗಳು ಈ ಎಣ್ಣೆ ಜೀವಮಾನಕ್ಕೆ ಸಾಕು ಎನ್ನುತ್ತವೆ. ಆದರೆ ಬಿಎಂಡಬ್ಲ್ಯು ಮುಂತಾದ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯ ಸಲಹೆಯೇ ಬೇರೆ. ಓಡಿಸುವ ರೀತಿಯನ್ನು ನೋಡಿಕೊಂಡು 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ 8 ವರ್ಷಕ್ಕೆ ಎಣ್ಣೆ ಬದಲಿಸಿ ಎಂದು ಅದು ಹೇಳುತ್ತದೆ. ಗೇರ್‌ಬಾಕ್ಸ್ ಮಾಡಿದವರ ಮಾತಿಗೇ ಬೆಲೆ ಕೊಡುವುದು ಬುದ್ಧಿವಂತಿಕೆ. ಎಣ್ಣೆಯನ್ನು ಕೊಲ್ಲುವುದು ಬಿಸಿ. ನಮ್ಮ ಬೇಸಿಗೆ, ನಿಂತು ನಿಂತು ಸಾಗುವ ಪೇಟೆಯ ಓಡಾಟ, ಐದು ಜನ ಕೂತು ಲಗೇಜು ತುಂಬಿ ಶಿರಾಡಿ, ಚಾರ್ಮಾಡಿ ಹತ್ತುವುದು, ಇವೆಲ್ಲ ಆ ಬಿಸಿಯನ್ನು ಏರಿಸುತ್ತವೆ. ಇಂಥ ಬಳಕೆಯನ್ನು ಮ್ಯಾನ್ಯುಯಲ್‌ಗಳು ಕಠಿಣ ಬಳಕೆ ಎಂದು ಪಟ್ಟಿ ಮಾಡಿ, ಅದಕ್ಕೆ ಕಡಿಮೆ ಕಿಲೋಮೀಟರಿನ ಗಡುವು ಕೊಟ್ಟಿರುತ್ತವೆ.

ಯಾವ ಗೇರ್‌ಬಾಕ್ಸ್ ಎಂದು ಮೊದಲು ತಿಳಿಯಿರಿ

ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಜಾತಿಯಲ್ಲ. 2014ರ ಮಾರುತಿ ಸೆಲೆರಿಯೊದಿಂದ ನಮ್ಮಲ್ಲಿ ಹರಡಿದ ಎಎಂಟಿ ಮೂಲತಃ ಮ್ಯಾನ್ಯುಯಲ್ ಗೇರ್‌ಬಾಕ್ಸೇ; ಅದಕ್ಕೆ ಬೇಕಿರುವುದು ಗೇರ್ ಆಯಿಲ್, ಎಟಿಎಫ್ ಅಲ್ಲ. ಸಿವಿಟಿಯಲ್ಲಿ ಉಕ್ಕಿನ ಪಟ್ಟಿಯೋ ಚೈನೋ ಉಕ್ಕಿನ ಪುಲ್ಲಿಯನ್ನು ಜಾರದಂತೆ ಹಿಡಿಯಬೇಕು. ಅದಕ್ಕೆಂದೇ ಮಾಡಿದ ಸಿವಿಟಿ ಫ್ಲೂಯಿಡ್ ಬಿಟ್ಟು ಸಾಮಾನ್ಯ ಎಟಿಎಫ್ ಹಾಕಿದರೆ ಹಿಡಿತ ತಪ್ಪಿ ಗೇರ್‌ಬಾಕ್ಸೇ ಹೋಗಬಹುದು. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳ ಎಣ್ಣೆಯೂ ಬೇರೆ, ಕ್ರಮವೂ ಬೇರೆ. ಅವನ್ನು ಪಳಗಿದವರಿಗೆ ಬಿಡುವುದು ಲೇಸು. ಮನೆಯಲ್ಲಿ ಕೈಹಾಕಲು ಸೂಕ್ತವಾದದ್ದು ಟಾರ್ಕ್ ಕನ್ವರ್ಟರ್ ಇರುವ, ಅದರಲ್ಲೂ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಇರುವ ಗೇರ್‌ಬಾಕ್ಸ್. ವಾರಂಟಿ ಮುಗಿಯದ ಕಾರಿಗೆ ಕೈಹಾಕಬೇಡಿ.

ಒಂದು ಕಾರು, ಒಂದು ಕ್ರಮ

ಕಲಿಯಲು ಒಳ್ಳೆಯ ಉದಾಹರಣೆ, 2006ರಿಂದ ನಮ್ಮಲ್ಲಿ ಮಾರಾಟವಾದ 1.8 ಲೀಟರಿನ ಹೋಂಡಾ ಸಿವಿಕ್ ಆಟೊಮ್ಯಾಟಿಕ್. ಐದು ಗೇರಿನ ಈ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ ಇದೆ, ಕೆಳಗೆ ಡ್ರೈನ್ ಬೋಲ್ಟ್ ಇದೆ. ಅದರಲ್ಲಿ ಮೊದಲು ಝಡ್-1 ಎಣ್ಣೆ ಬಳಸುತ್ತಿದ್ದರು. ಅದರ ಜಾಗಕ್ಕೆ ಈಗ ಬಂದಿರುವುದು ಡಿಡಬ್ಲ್ಯು-1. ಒಮ್ಮೆ ಬದಲಿಸಲು ಬೇಕಾಗುವುದು ಸುಮಾರು 2.4 ಲೀಟರ್.

ಮೊದಲು ಗಾಡಿಯನ್ನು ಹತ್ತಿಪ್ಪತ್ತು ನಿಮಿಷ ಓಡಿಸಿ, ಎಣ್ಣೆ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ. ಸುಡುವಷ್ಟು ಬಿಸಿ ಇರುವಾಗ ಬೋಲ್ಟ್ ಮುಟ್ಟಬೇಡಿ. ಸ್ವಲ್ಪ ಆರಲು ಬಿಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಅಡೆಕಲ್ಲು ಕೊಡಿ. ಗಾಡಿ ಎತ್ತಲು ಜಾಕ್ ಬಳಸಿ, ಆದರೆ ಗಾಡಿಯ ಭಾರ ಕೂರಬೇಕಾದದ್ದು ಜಾಕ್ ಸ್ಟ್ಯಾಂಡ್‌ಗಳ ಮೇಲೆ. ಬರೀ ಜಾಕಿನ ಆಸರೆಯಲ್ಲಿ ನಿಂತ ಗಾಡಿಯಡಿ ತಲೆ ಹಾಕುವುದು ಪ್ರಾಣಕ್ಕೇ ಅಪಾಯ. ಸ್ಟೆಪ್ನಿ ಬದಲಿಸಲೆಂದು ಕಾರಿನ ಜೊತೆ ಕೊಟ್ಟ ಜಾಕ್ ಈ ಕೆಲಸಕ್ಕಲ್ಲ.

ಹೊಸಬರು ಎಡವುವುದು ಇಲ್ಲಿ: ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ಎಣ್ಣೆ ತುಂಬಿಸುವ ದಾರಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಮೇಲಿನ ಫಿಲ್ಲರ್ ಬೋಲ್ಟ್ ಬಿಗಿದು ಕೂತಿದ್ದರೆ, ಎಣ್ಣೆ ಇಳಿದ ಗಾಡಿ ಅಲ್ಲೇ ಉಳಿಯುತ್ತದೆ. ಇನ್ನೊಂದು ಎಚ್ಚರ, ಬೋಲ್ಟಿನ ಗುರುತು. ಎಂಜಿನ್ ಆಯಿಲಿನ ಬೋಲ್ಟ್ ಎಂದುಕೊಂಡು ಗೇರ್‌ಬಾಕ್ಸಿನದನ್ನು ಬಿಚ್ಚುವ ತಪ್ಪು ಎಷ್ಟೋ ಕಡೆ ಆಗುತ್ತದೆ. ಸಿವಿಕ್‌ನಲ್ಲಿ ಗೇರ್‌ಬಾಕ್ಸಿನ ಡ್ರೈನ್ ಬೋಲ್ಟಿನ ತಲೆಯಲ್ಲಿ ಚೌಕಾಕಾರದ ಗುಳಿ ಇರುತ್ತದೆ. ಮೂರು ಎಂಟಾಂಶ ಇಂಚಿನ ರ‍್ಯಾಚೆಟ್ ಅದಕ್ಕೆ ನೇರವಾಗಿ ಕೂರುತ್ತದೆ.

ಅಗಲ ಬಾಯಿಯ ತಟ್ಟೆ ಇಟ್ಟು ಬೋಲ್ಟ್ ಬಿಚ್ಚಿ. ಧಾರೆ ನಿಂತು ಹನಿಯಾಗುವವರೆಗೆ ಕಾಯಿರಿ. ಇಳಿದ ಎಣ್ಣೆಯನ್ನು ಗೆರೆ ಹಾಕಿದ ಜಗ್ಗಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಇಡೀ ಕೆಲಸದ ಬೆನ್ನೆಲುಬು ಈ ಅಳತೆಯೇ. ಎಷ್ಟು ಇಳಿಯಿತೋ ಅಷ್ಟು ತುಂಬಿಸಿದರೆ ಅರ್ಧ ಗೆದ್ದಂತೆ. ಬೋಲ್ಟಿನ ಅಯಸ್ಕಾಂತವನ್ನು ಒರೆಸಿ, ಹೊಸ ವಾಷರ್ ಹಾಕಿ, ಟಾರ್ಕ್ ರೆಂಚಿನಿಂದ 49 ನ್ಯೂಟನ್ ಮೀಟರಿಗೆ ಬಿಗಿಯಿರಿ. ಅಲ್ಯೂಮಿನಿಯಂ ಕವಚದ ಮರೆ ಹರಿದರೆ ರಿಪೇರಿ ದುಬಾರಿ; ತೋಳ್ಬಲದ ಅಂದಾಜು ಇಲ್ಲಿ ಸಲ್ಲದು. ಬಳಿಕ ಉದ್ದ ಟ್ಯೂಬ್ ಸಿಕ್ಕಿಸಿದ ಆಲಿಕೆಯಿಂದ ನಿಧಾನವಾಗಿ ಎಣ್ಣೆ ತುಂಬಿಸಿ. ಆಲಿಕೆ, ಬಟ್ಟೆ, ಕೈ ಮೂರೂ ಶುದ್ಧವಾಗಿರಲಿ, ನೂಲು ಬಿಡುವ ಬಟ್ಟೆ ಬೇಡ. ಒಳಗಿನ ವಾಲ್ವ್‌ಗಳ ಸಂದು ಬಹಳ ಕಿರಿದು, ಸಣ್ಣ ಕಸವೂ ಅವನ್ನು ಕಚ್ಚಿಸಬಲ್ಲದು.

ಗಾಡಿ ಇಳಿಸಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ಗೇರ್ ಲಿವರನ್ನು ಪ್ರತಿ ಸ್ಥಾನದಲ್ಲೂ ಕೆಲವು ಸೆಕೆಂಡು ನಿಲ್ಲಿಸಿ. ರೇಡಿಯೇಟರ್ ಫ್ಯಾನ್ ಬರುವವರೆಗೆ ಎಂಜಿನ್ ಓಡಿಸಿ ಆಫ್ ಮಾಡಿ. ಎಣ್ಣೆಯ ಮಟ್ಟ ನೋಡಬೇಕಾದದ್ದು ಆಫ್ ಮಾಡಿದ 60ರಿಂದ 90 ಸೆಕೆಂಡಿನ ಒಳಗೆ. ಬೇರೆ ಹಲವು ಕಂಪನಿಗಳ ಕಾರಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಆದ್ದರಿಂದ ನಿಮ್ಮ ಮ್ಯಾನ್ಯುಯಲ್ ಹೇಳಿದಂತೆ ಮಾಡಿ. ಡಿಪ್‌ಸ್ಟಿಕ್ ಇಲ್ಲದ ಅನೇಕ ಟೊಯೊಟಾಗಳಲ್ಲಿ ಎಣ್ಣೆ ನಿಗದಿತ ಉಷ್ಣಾಂಶಕ್ಕೆ ಬಂದಾಗ, ಎಂಜಿನ್ ಓಡುತ್ತಿರುವಂತೆಯೇ ಓವರ್‌ಫ್ಲೋ ಬೋಲ್ಟ್ ಬಿಚ್ಚಿ, ಹೆಚ್ಚಿನದು ಹರಿದು ತೆಳು ಹನಿಯಾಗುವುದನ್ನು ಕಾಯಬೇಕು. ಮಟ್ಟ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಹೆಚ್ಚಾದರೆ ಎಣ್ಣೆ ನೊರೆಯಾಗುತ್ತದೆ. ಎರಡೂ ಕೇಡೇ.

ಪೂರ್ತಿ ಏಕೆ ಬದಲಾಗುವುದಿಲ್ಲ?

ಬೋಲ್ಟ್ ಬಿಚ್ಚಿದಾಗ ಇಳಿಯುವುದು ತಳದ ಎಣ್ಣೆ ಮಾತ್ರ. ಟಾರ್ಕ್ ಕನ್ವರ್ಟರ್, ಕೂಲರಿನೊಳಗಿನದು ಅಲ್ಲೇ ಉಳಿಯುತ್ತದೆ. ಒಂದು ಸಲಕ್ಕೆ ಶೇ 40ರಷ್ಟು ಬದಲಾಗುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಸಲದ ನಂತರ ಹಳೆಯದು ಶೇ 60, ಎರಡನೆಯ ಸಲಕ್ಕೆ ಶೇ 36, ಮೂರನೆಯ ಸಲಕ್ಕೆ ಶೇ 22ಕ್ಕಿಂತ ಕಡಿಮೆ ಉಳಿಯುತ್ತದೆ. ಆದ್ದರಿಂದಲೇ ಅನುಭವಸ್ಥರು ನಡುನಡುವೆ ಗಾಡಿ ಓಡಿಸಿ ಎರಡು ಮೂರು ಸಲ ಇಳಿಸಿ ತುಂಬಿಸುತ್ತಾರೆ. ಗಡುವಿಗೆ ಸರಿಯಾಗಿ ಬದಲಿಸುತ್ತ ಬಂದವರಿಗೆ ಪ್ರತಿ ಸಲ ಒಂದೇ ಸುತ್ತು ಸಾಕು. ಕೆಳಗೆ ಪ್ಯಾನ್, ಫಿಲ್ಟರ್ ಇರುವ ಗೇರ್‌ಬಾಕ್ಸ್‌ಗಳಲ್ಲಿ ಫಿಲ್ಟರ್, ಗ್ಯಾಸ್ಕೆಟ್ ಬದಲಿಸುವ ಕೆಲಸವೂ ಸೇರುತ್ತದೆ.

ಹಳೆಯ ಎಣ್ಣೆ ಕೊಡುವ ವರದಿ

ಇಳಿದ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಹಚ್ಚಿ ನೋಡಿ. ಕಂದು ಕೆಂಪಾಗಿದ್ದರೆ ಅದು ವಯಸ್ಸಿನ ಲಕ್ಷಣ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ತಟ್ಟೆಗಳು ಬೆಂದಿವೆ. ಹಾಲು ಬೆರೆತ ಬಣ್ಣವಿದ್ದರೆ ನೀರು ಅಥವಾ ಕೂಲಂಟ್ ಸೇರಿದೆ. ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಿ. ಅಯಸ್ಕಾಂತಕ್ಕೆ ಅಂಟಿದ ನುಣುಪಾದ ಬೂದು ಕೆಸರು ಸಹಜ ಸವೆತ. ಕೈಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಅದು ಗಂಭೀರ.

ಹಳೆಯ ಗಾಡಿಗೆ ಹೊಸ ಎಣ್ಣೆ ಹಾಕಿದರೆ ಗೇರ್‌ಬಾಕ್ಸೇ ಹೋಗುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಕ್ಲಚ್ ಜಾರಲು ಶುರುವಾದ ಮೇಲೆ ಎಣ್ಣೆ ಬದಲಿಸಿದವರ ಅನುಭವವೇ ಈ ಮಾತಿನ ಹಿಂದಿರುವುದು. ಸವೆದ ತಟ್ಟೆಯನ್ನು ಯಾವ ಎಣ್ಣೆಯೂ ಸರಿ ಮಾಡದು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಮೊದಲು ತಪಾಸಣೆ ಮಾಡಿಸಿ. ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಎಣ್ಣೆ ಬದಲಿಸುವುದು ಸರಿಯಾದ ಹೊತ್ತು.

ಕೆಲಸ ಮುಗಿಯುವುದು ಚರಂಡಿಯಲ್ಲಲ್ಲ

ಇಳಿಸಿದ ಎಣ್ಣೆಯನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿಸಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಶುದ್ಧೀಕರಣಕ್ಕೆ ಹೋಗಬೇಕಾದ ವಸ್ತು. ಅದನ್ನು ಅಧಿಕೃತ ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೋ ಗ್ಯಾರೇಜಿಗೋ ಒಪ್ಪಿಸಿ. ಚರಂಡಿಗೆ ಸುರಿದರೆ ಕೆರೆ ಸೇರುತ್ತದೆ, ಮಣ್ಣಿಗೆ ಸುರಿದರೆ ಬಾವಿ ಸೇರುತ್ತದೆ.

ಈ ಕೆಲಸ ಎಲ್ಲರೂ ತಾವೇ ಮಾಡಬೇಕೆಂದಿಲ್ಲ. ಆದರೆ ಆಟೊಮ್ಯಾಟಿಕ್ ಕಾರಿರುವ ಪ್ರತಿಯೊಬ್ಬರೂ ತಮ್ಮ ಗೇರ್‌ಬಾಕ್ಸ್ ಯಾವುದು, ಎಣ್ಣೆಯ ಮಾನದಂಡ ಯಾವುದು, ಹಿಂದೆ ಬದಲಿಸಿದ್ದು ಯಾವಾಗ ಎಂಬ ಮೂರು ಸಂಗತಿ ತಿಳಿದಿರಲೇಬೇಕು. ಈ ವಾರ ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುವ ಮ್ಯಾನ್ಯುಯಲ್ ಹೊರತೆಗೆದು ಆ ಪುಟ ಓದಿ, ಸರ್ವಿಸ್ ದಾಖಲೆಯೊಂದಿಗೆ ಹೋಲಿಸಿ ನೋಡಿ. ಗಡುವು ದಾಟಿದ್ದರೆ, ನಿಮ್ಮ ಕೈಯಿಂದಲೋ ನಂಬಿಕೆಯ ಮೆಕ್ಯಾನಿಕ್ ಕೈಯಿಂದಲೋ, ಆ ಕೆಲಸವನ್ನು ಮುಂದೂಡದೆ ಮಾಡಿ ಮುಗಿಸಿ.